ನೀರಿಲ್ಲದ ಬಾಣಂತನ

ರಜಿಯಾಬೇಗಂ ನವಲಗುಂದದವಳು. ಕುಬಿಹಾಳದ ಆರೋಗ್ಯ ಉಪಕೇಂದ್ರಕ್ಕೆ ನರ್ಸಾಗಿ ಬಂದು ಆಗ, ೧೯೭೮ರಲ್ಲಿ, ಆರು ವರ್ಷವಾಗಿತ್ತು. ಮೊದಲೆರಡು ವರ್ಷ ಅವಳನ್ನು ಕರೆಯುವವರೇ ಇರಲಿಲ್ಲ. ಆಮೇಲೆ ಒಂದೊಂದೇ ಮನೆಯ ಬಾಗಿಲು ತೆರೆಯಿತು, ಊರ ಹೆಂಗಸರು 'ನರ್ಸಬಾಯಾರ' ಎಂದು ಕೂಗಿ ಕರೆಯತೊಡಗಿದರು. ಆದರೂ ಒಬ್ಬ ಬಾಣಂತಿಗೆ ಹೆಚ್ಚುಕಡಿಮೆಯಾದರೆ ಅಷ್ಟೂ ಬಾಗಿಲು ಮುಚ್ಚುತ್ತವೆಂಬ ಹೆದರಿಕೆ ಅವಳಿಗೆ ಇದ್ದೇ ಇತ್ತು.

ಆ ವರ್ಷ ಮಡಿವಾಳೆಪ್ಪನ ಮಗಳು ನೀಲಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆರಿಗೆ ಕಷ್ಟವಾಗಿ ಕುಂದಗೋಳದ ಡಾಕ್ಟರು ಹೊಲಿಗೆ ಹಾಕಬೇಕಾಯಿತು. ನಾಲ್ಕನೆಯ ದಿನ ಕೂಸಿನೊಡನೆ ಮನೆಗೆ ಬಂದಳು. ಏಳನೆಯ ದಿನವಾದರೂ ಮಲ ಕಟ್ಟಿ ಅವಳಿಗೆ ಹೊರಕಡೆ ಆಗಿರಲಿಲ್ಲ. ಡಾಕ್ಟರು ಚೀಟಿ ಬರೆದುಕೊಟ್ಟರು, ಮಡಿವಾಳೆಪ್ಪ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿ ಔಷಧ ತಂದ. ಅಂಟಂಟಾದ ಸಿಹಿ ಸಿರಪ್ಪು. ಮುಂಜಾನೆ ಎರಡು ಚಮಚ, ಸಂಜೆ ಎರಡು ಚಮಚ, ನೀರು ಮಾತ್ರ ಬೇಕಾದಷ್ಟು ಕುಡಿಸಬೇಕೆಂದು ರಜಿಯಾಬೇಗಂ ನೀಲಕ್ಕನ ತಾಯಿ ಸುಶೀಲವ್ವನಿಗೆ ಎರಡು ಸಲ ಹೇಳಿದಳು. ಸುಶೀಲವ್ವ ತಲೆಯಾಡಿಸಿದ್ದಳು.

ಒಂಬತ್ತನೆಯ ದಿನ ಮಧ್ಯಾಹ್ನ ಮಡಿವಾಳೆಪ್ಪ ತಾನೇ ಉಪಕೇಂದ್ರಕ್ಕೆ ಓಡಿಬಂದ.

"ಲಗೂನ ಬರ್ರಿ ನರ್ಸಬಾಯಾರ. ಹುಡುಗಿ ಹೊಟ್ಟಿ ಹಿಡಕೊಂಡು ಒದ್ದಾಡಾಕತ್ತಾಳ."

ಬಾಣಂತಿ ಕೋಣೆಯ ಬಾಗಿಲಿಗೆ ಕಂಬಳಿ ಇಳಿಬಿಟ್ಟಿತ್ತು. ಒಳಗೆ ಹೊರಸಿನ ಕೆಳಗೆ ಕೆಂಡ, ಲೋಬಾನದ ಹೊಗೆ. ನೀಲಕ್ಕ ಮೊಣಕಾಲು ಮಡಚಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಸುಶೀಲವ್ವನ ಕೈಯಲ್ಲಿ ಭೇದಿಗೆಂದು ಔಡಲೆಣ್ಣೆ ತುಂಬಿದ ಬಟ್ಟಲಿತ್ತು.

"ನಿಮ್ಮ ಔಷಧ ಎರಡು ದಿನ ಕೊಟ್ಟೆ. ಏನಾತ್ರಿ? ಇದ್ದ ಹೊಟ್ಟಿ ಇನ್ನಷ್ಟು ಉಬ್ಬಿತು. ಇನ್ನ ನಂದು ನಾ ಕೊಡತೀನಿ."

"ಒಂದ್ ನಿಮಿಷ ತಡೀರಿ, ಸುಶೀಲವ್ವಾರ. ನೋಡತೀನಿ."

ರಜಿಯಾಬೇಗಂ ಹೊರಸಿನ ಪಕ್ಕ ಕುಳಿತಳು. ಕರುಳಿಗೇ ತಡೆಯಾಗಿದ್ದರೆ ಇಲ್ಲಿ ಕುಳಿತು ಕಳೆಯುವ ಒಂದೊಂದು ಗಳಿಗೆಯೂ ಅಪಾಯ. ಹೊಟ್ಟೆ ಮುಟ್ಟಿ ನೋಡಿದಳು. ಉಬ್ಬಿತ್ತು, ಆದರೆ ಒತ್ತಿದರೆ ಮೆತ್ತಗಿತ್ತು. ವಾಂತಿಯಾಯಿತೇ, ಜ್ವರ ಬಂತೇ, ಗಾಳಿಯಾದರೂ ಹೋಗುತ್ತದೆಯೇ ಎಂದು ಕೇಳಿದಳು. ವಾಂತಿಯಿಲ್ಲ, ಜ್ವರವಿಲ್ಲ, ಗಾಳಿ ಹೋಗುತ್ತಿತ್ತು. ರಜಿಯಾಬೇಗಂಗೆ ಅರ್ಧ ಉಸಿರು ಬಂತು. ನಾಲಗೆ ತೋರಿಸು ಅಂದಳು. ನೀಲಕ್ಕನ ನಾಲಗೆ ಒಣಗಿ ಬಿರುಕುಬಿಟ್ಟಿತ್ತು.

"ನೀರು ಎಷ್ಟು ಕುಡಿದಿ?"

ನೀಲಕ್ಕ ತಾಯಿಯ ಮುಖ ನೋಡಿದಳು. "ಮುಂಜಾನೆ ಒಂದು ಸಣ್ಣ ವಾಟಗಾ, ರಾತ್ರಿ ಒಂದು ವಾಟಗಾ ಕೊಡ್ತಾಳ್ರಿ. ನಿನ್ನೆ ಎರಕೊಳ್ಳೂ ಮುಂದ ಹಂಡೇದಾಗಿನ ನೀರು ಬೊಗಸಿಲೆ ಕುಡದೆ. ಯವ್ವ ಕಪಾಳಕ್ಕ ಹೊಡದ್ಲು."

"ಹೌದು, ಹೊಡದೆ," ಎಂದಳು ಸುಶೀಲವ್ವ. "ಹಸಿ ಬಾಣಂತಿ ನೀರು ಕುಡದ್ರ ಉಳೀತಾಳೇನ್ರಿ?"

"ಈ ಔಷಧ ತಾನಾಗೇ ಏನೂ ಮಾಡೂದಿಲ್ರಿ. ಕರುಳಿಗೆ ನೀರು ಎಳಕೊಂಡು ಬಂದು ಗಟ್ಟಿಯಾಗಿದ್ದನ್ನ ಮೆತ್ತಗ ಮಾಡತೈತಿ. ಮೈಯಾಗ ನೀರೇ ಇಲ್ಲಂದ್ರ ಎಲ್ಲಿಂದ ಎಳೀಬೇಕು? ಇನ್ನ ಈ ಬಟ್ಟಲು ಎಣ್ಣಿ ಕುಡಿಸಿದ್ರ ಇದ್ದ ನೀರೂ ಹೋಗಿ ಹುಡುಗಿ ಸುಸ್ತಾಗತಾಳ."

"ನೀವು ಓದಿದವರು. ನಾ ಕಣ್ಣಾರೆ ನೋಡೀನಿ." ಸುಶೀಲವ್ವ ಬಟ್ಟಲನ್ನು ಕೆಳಗಿಡಲಿಲ್ಲ. "ನನ್ನ ದೊಡ್ಡಾಕಿ, ಸಂಗವ್ವ, ಇದ ಕೋಣ್ಯಾಗ ಹಡದಿದ್ಲು. ನೀವು ಬರೂಕಿಂತ ಮೊದಲಿನ ಮಾತು. ನೀರು ನೀರು ಅಂತ ಅಳತಿದ್ಲು. ನನ್ನ ಕರುಳು ತಡೀಲಿಲ್ಲ, ಒಂದು ತಂಬಿಗಿ ಕೊಟ್ಟೆ. ಮೂರನೇ ದಿನಕ್ಕ ಹೋದ್ಲು. ನನ್ನ ಕೈಯಾರೆ ಕೊಟ್ಟೇನ್ರಿ."

ಈ ಮನೆಯಲ್ಲಿ ಇನ್ನೊಬ್ಬ ಮಗಳಿದ್ದಳೆಂಬುದೇ ರಜಿಯಾಬೇಗಂಗೆ ಗೊತ್ತಿರಲಿಲ್ಲ. ಬಾಗಿಲ ಆಚೆ ಮಡಿವಾಳೆಪ್ಪ ಕೆಮ್ಮಿದ.

"ಸಂಗವ್ವಗ ಜ್ವರ ಇತ್ತೇನ್ರಿ?"

"ಸುಡೂ ಜ್ವರ. ಚಳಿ ಬಂದು ಹಲ್ಲು ಕಡೀತಿದ್ಲು. ಕೆಳಗ ಹೋಗೂ ಮೈಲಿಗಿ ನಾರತಿತ್ತು."

"ಜ್ವರ ಬಂದದ್ದು ನೀರು ಕೊಡೂಕಿಂತ ಮೊದಲೋ, ಕೊಟ್ಟ ಮ್ಯಾಲೋ?"

ಕೂಸು ಅತ್ತಿತು, ಯಾರೂ ಎತ್ತಿಕೊಳ್ಳಲಿಲ್ಲ.

"ಮೊದಲ," ಅಂದಳು ಸುಶೀಲವ್ವ. "ಜ್ವರಕ್ಕ ಬಾಯಿ ಒಣಗತೈತಿ ಅಂತನ ನೀರು ಕೇಳಿದ್ಲು."

"ಅಕೀನ ಒಯ್ದದ್ದು ಗರ್ಭಕೋಶಕ್ಕ ಹತ್ತಿದ ನಂಜು. ನೀರಲ್ರಿ."

ಸುಶೀಲವ್ವ ಬಟ್ಟಲನ್ನು ಗೂಡಿನಲ್ಲಿಟ್ಟು ಹೊರಗೆ ಹೋದಳು. ಇವಳು ಇನ್ನು ಬರುವುದಿಲ್ಲ, ತನ್ನನ್ನು ಹೊರಗೆ ಹಾಕಿಸುತ್ತಾಳೆ ಎಂದೇ ರಜಿಯಾಬೇಗಂ ಎಣಿಸಿದಳು. ಅರ್ಧ ಗಂಟೆಯ ಮೇಲೆ ಬಂದಾಗ ಅವಳ ಕೈಯಲ್ಲಿ ಕುದಿಸಿ ಆರಿಸಿದ ಅಜವಾನದ ನೀರಿನ ತಂಬಿಗೆಯಿತ್ತು. "ತಣ್ಣೀರು ಮಾತ್ರ ಕೊಡೂದಿಲ್ಲ," ಎಂದಳು ಬಿರುಸಾಗಿ.

"ಬ್ಯಾಡ್ರಿ. ಇದ ಸಾಕು."

ನೀಲಕ್ಕ ತಂಬಿಗೆಯನ್ನು ಎರಡೂ ಕೈಯಿಂದ ಹಿಡಿದು ಕುಡಿದಳು. ರಜಿಯಾಬೇಗಂ ಕತ್ತಲಾಗುವವರೆಗೆ ಅಲ್ಲೇ ಕುಳಿತು ಗಂಟೆಗೊಮ್ಮೆ ಕುಡಿಸಿದಳು. ಸಂಜೆಯ ಎರಡು ಚಮಚ ತಾನೇ ಹಾಕಿದಳು. ವಾಂತಿಯಾದರೆ, ಹೊಟ್ಟೆ ಕಲ್ಲಾದರೆ ಕೂಡಲೇ ಗಾಡಿ ಹೂಡಿ ಕುಂದಗೋಳಕ್ಕೆ ಒಯ್ಯಬೇಕೆಂದು ಮಡಿವಾಳೆಪ್ಪನಿಗೆ ಹೇಳಿ ಹೋದಳು.

ಮರುದಿನ ಮುಂಜಾನೆ ಅವಳು ಬಂದಾಗ ನೀಲಕ್ಕ ಹಿತ್ತಲಲ್ಲಿ ಗೋಡೆ ಹಿಡಿದು ನಿಂತಿದ್ದಳು. ಹೊರಕಡೆಗೆ ಬಂದದ್ದನ್ನು ಹೆದರಿ ತಡೆಹಿಡಿದಿದ್ದಳು.

"ಹೊಲಗಿ ಹರೀತಾವ್ರಿ, ನನಗ ಆಗೂದಿಲ್ಲ."

"ಹರಿಯೂದಿಲ್ಲ. ಈ ಮಡಚಿದ ಅರಬಿ ಹೊಲಗಿಗೆ ಒತ್ತಿ ಹಿಡಿ. ತಿಣಕಬ್ಯಾಡ, ಬಾಯಿ ತಗದು ಉಸರಾಡು. ತಾನ ಬರತೈತಿ."

ಸುಶೀಲವ್ವ ಮಗಳನ್ನು ಹಿಂದಿನಿಂದ ಎರಡೂ ತೋಳಿನಲ್ಲಿ ಹಿಡಿದುಕೊಂಡಳು. ನೀಲಕ್ಕ ಒಮ್ಮೆ ಚೀರಿದಳು, ಆಮೇಲೆ ಅತ್ತಳು, ಅಳುತ್ತಲೇ "ಆತ್ ಬೇ ಯವ್ವಾ" ಎಂದಳು. ರಜಿಯಾಬೇಗಂ ಬಗ್ಗಿ ನೋಡಿದಳು. ಹೊಲಿಗೆ ಒಂದೂ ಬಿಚ್ಚಿರಲಿಲ್ಲ. ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟಳು.

ಊರೇನೂ ಬದಲಾಗಲಿಲ್ಲ. ಬಹಳ ಮನೆಗಳಲ್ಲಿ ಬಾಣಂತಿಯರಿಗೆ ಮುಂದೆಯೂ ಎರಡೇ ವಾಟಗಾ ನೀರು. ಆದರೆ ಬಾಜು ಓಣಿಯ ಹೆರಿಗೆಯೊಂದಕ್ಕೆ ರಜಿಯಾಬೇಗಂ ಹೋದಾಗ ಸುಶೀಲವ್ವ ಕರೆಯದೆಯೇ ಬಂದು ಬಾಗಿಲಲ್ಲಿ ನಿಂತು, ಆ ಮನೆಯ ಮುದುಕಿಗೆ ಗಟ್ಟಿಯಾಗಿ ಹೇಳಿದಳು: "ಮೈಲಿಗಿ ವಾಸನಿ ಬಂದ್ರ, ಚಳಿಜ್ವರ ಬಂದ್ರ ಮುಚ್ಚಿಡಬ್ಯಾಡ್ರಿ. ಅವತ್ತ ಗಾಡಿ ಹೂಡ್ರಿ."