ಕೀಲಿಯನ್ನು ತಮ್ಮ ಬಳಿ ಇಟ್ಟುಕೊಳ್ಳದ ಅಕ್ಕೋರು

ನಮ್ಮ ಅಕ್ಕೋರ ಬಲಗೈಯ ನಡುಬೆರಳು ಮತ್ತು ಉಂಗುರದ ಬೆರಳು ಮಡಚುತ್ತಿರಲಿಲ್ಲ. ಉಳಿದ ಬೆರಳುಗಳಿಂದ ಚಹಾದ ಕಪ್ಪು ಹಿಡಿದಾಗ ಆ ಎರಡು ಮಾತ್ರ ನೆಟ್ಟಗೆ ನಿಂತಿರುತ್ತಿದ್ದವು. ಹಸ್ತದ ಮೇಲ್ಭಾಗದಲ್ಲಿ ಒಂದು ಗುಂಡನೆಯ ಕಲೆ, ಅಂಗೈಯ ಒಳಗೆ ಅಂಥದೇ ಇನ್ನೊಂದು. ಅವೆರಡೂ ಒಂದೇ ಗಾಯದ ಎರಡು ತುದಿಗಳು. ಸದರಿ ಗಾಯವಾದಾಗ ನಾನು ಪಕ್ಕದ ಮೇಜಿನಲ್ಲಿದ್ದೆ. ಇದುವರೆಗೆ ನಾನು ಕಚೇರಿಯ ಪತ್ರಗಳನ್ನು ಬಿಟ್ಟು ಬೇರೇನನ್ನೂ ಬರೆದವಳಲ್ಲ. ಲೋಪದೋಷಗಳಿದ್ದಲ್ಲಿ ಓದುಗರು ಮನ್ನಿಸಬೇಕಾಗಿ ಕೋರುತ್ತೇನೆ.

ಅವರು ಮೊದಲು ಹಾವೇರಿಯ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು; ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಬ್ಯಾಡಗಿಯಲ್ಲಿ ನಮ್ಮ ಮೆಣಸಿನಕಾಯಿ ಕಂಪನಿಗೆ ಬಂದ ಮೇಲೂ ಸಾವಕಾರರಿಂದ ಹಿಡಿದು ಹಮಾಲರವರೆಗೆ ಎಲ್ಲರ ಬಾಯಲ್ಲೂ ಅವರು ಅಕ್ಕೋರೇ ಆಗಿ ಉಳಿದರು. ಕಂಪನಿಯ ಡೇಟಾಬೇಸ್ ಅವರ ಸುಪರ್ದಿಯಲ್ಲಿತ್ತು. ಗೋದಾಮಿನ ಸರಕು, ಮೆಣಸಿನಕಾಯಿಯ ತುಂಬು (ತೊಟ್ಟು) ಬಿಡಿಸುವ ಹೆಂಗಸರ ಹೆಸರು, ಫೋನ್ ನಂಬರು, ಮನೆಯ ವಿಳಾಸ, ಎಲ್ಲವೂ ಅದರಲ್ಲಿದ್ದವು. ಅವರು ಬರುವ ಮುನ್ನ ಇಡೀ ಕಚೇರಿಗೆ ಒಂದೇ ಪಾಸ್‌ವರ್ಡ್. ಅದು ಸಾವಕಾರರ ಮನೆದೇವರ ಹೆಸರು. ಚಹಾ ತರುವವನಿಗೂ ಗೊತ್ತಿತ್ತು.

ಅಕ್ಕೋರು ಅದನ್ನು ರದ್ದುಪಡಿಸಿ ಒಬ್ಬೊಬ್ಬರಿಗೂ ಅವರವರ ಹೆಸರಿನಲ್ಲೇ ಪ್ರವೇಶ ಕೊಟ್ಟರು. ಯಾರ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅವರಿಗೆ ಕಾಣುತ್ತಿತ್ತು. ಯಾರು ಯಾವ ವಿವರ ತೆರೆದರೆಂಬುದು ತಾನಾಗಿಯೇ ದಾಖಲಾಗುತ್ತಿತ್ತು. "ಪಾಸ್‌ವರ್ಡ್ ಬಾಯಾಗ ಬಂತಂದ್ರ ನಾಲಿಗಿ ಕಿತ್ತು ಕೈಯಾಗ ಕೊಡ್ತೇನಿ" ಎಂಬುದು ನಮಗೆ ಅವರ ನಿತ್ಯದ ಎಚ್ಚರಿಕೆ. ಸಾವಕಾರರಿಗೆ ಇದು ಅವಮಾನವೆನಿಸಿತು.

"ನನ್ನ ಅಂಗಡ್ಯಾಗ ನಾನೂ ಕಳ್ಳ ಏನವಾ?"

"ಅಲ್ರಿ ಸಾವಕಾರ್ರ. ನೋಡ್ರಿ, ಆದ್ರ ನಿಮ್ಮ ಹೆಸರಿನ ಮ್ಯಾಲೆ ನೋಡ್ರಿ."

ಆ ವರ್ಷ ಗುತ್ತಲ ಕಡೆಯ ಹೆಣ್ಣುಮಗಳೊಬ್ಬಳು ತುಂಬು ಬಿಡಿಸಲು ಸೇರಿದಳು. ಗಂಡ ಅವಳ ಎಡಗಿವಿಯನ್ನು ಓಲೆಯ ಸಮೇತ ಹರಿದಿದ್ದ. ಬೆನ್ನಿಗೆ ಕಾದ ಎಣ್ಣೆ ಸುರಿದಿದ್ದ. ಖಾರದ ಧೂಳು ಆ ಹಸಿ ಗಾಯಕ್ಕೆ ತಾಗುವಾಗ ಅವಳು ಹಲ್ಲು ಕಚ್ಚಿ ಕೂರುತ್ತಿದ್ದಳೇ ಹೊರತು ಕೆಲಸ ಬಿಟ್ಟು ಏಳುತ್ತಿರಲಿಲ್ಲ. ಮುಂದಿನ ಸಲ ಸಿಕ್ಕರೆ ಕೊಂದೇ ಹಾಕುತ್ತೇನೆಂದು ಅವನು ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದ. ಅಕ್ಕೋರು ಸಾವಕಾರರಿಗೆ ಹೇಳಿ, ಹಾವೇರಿಯ ಮುಖ್ಯ ಕಚೇರಿಯ ಮೂಲಕ ಅವಳನ್ನು ಬೇರೆ ಊರಿನ ಘಟಕಕ್ಕೆ ಕಳಿಸಿದರು; ಯಾವ ಊರೆಂಬುದು ನಮ್ಮ ಕಚೇರಿಯಲ್ಲಿ ಯಾರಿಗೂ ತಿಳಿಯಲಿಲ್ಲ. ಅವಳು ಅಲ್ಲೆಲ್ಲೋ ಬಾಡಿಗೆ ಮನೆ ಹಿಡಿದಳು.

ತರುವಾಯ ಅಕ್ಕೋರು ಎಲ್ಲ ಹೆಂಗಸರ ವಿಳಾಸಗಳನ್ನೂ ಗೂಢಲಿಪಿಗೆ ತಿರುಗಿಸಿದರು. ಅದನ್ನು ಬಿಡಿಸುವ ಕೀಲಿಯನ್ನು ಹಾವೇರಿಯ ಮುಖ್ಯ ಕಚೇರಿಯ ಲೆಕ್ಕಪರಿಶೋಧಕಿಗೆ ಒಪ್ಪಿಸಿ, ತಮ್ಮ ಕಡೆ ಏನನ್ನೂ ಉಳಿಸಿಕೊಳ್ಳಲಿಲ್ಲ. ಡೇಟಾಬೇಸ್ ನೋಡಿಕೊಳ್ಳುವವರಿಗೇ ಕಾಣದಿದ್ದರೆ ಹೇಗೆಂದು ನಾನು ವಿಚಾರಿಸಿದೆ.

"ಗೊತ್ತಿದ್ದದ್ದನ್ನ ಹೊಡದು ಬಾಯಿ ಬಿಡಸಬಹುದವಾ. ಗೊತ್ತಿಲ್ಲದ್ದನ್ನ ಹೆಂಗ ಬಿಡಸ್ತಾರ?" ಎಂದರು. ಅಂದು ನನಗೆ ಇದು ಅತಿಯಾಯಿತೆನ್ನಿಸಿತ್ತು.

ಗಂಡನೆಂಬುವನು ಒಂದು ಮಧ್ಯಾಹ್ನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಇಬ್ಬರನ್ನು ಕರೆದುಕೊಂಡು ಬಂದ. ನೇರವಾಗಿ ಸಾವಕಾರರ ಕಾಲಿಗೆ ಬಿದ್ದ. ನಮ್ಮ ಸಾವಕಾರರು ಕೆಟ್ಟವರಲ್ಲ. ಬೇರೆಯಾದ ಗಂಡಹೆಂಡಿರನ್ನು ರಾಜಿ ಮಾಡಿಸಿ ಒಂದುಗೂಡಿಸುವುದು ದೊಡ್ಡವರಾದವರ ಕರ್ತವ್ಯವೆಂದು ನಂಬಿದವರು. ಅಂಥ ಎಷ್ಟೋ ಮನೆಗಳನ್ನು ತಾವೇ ಕೂಡಿಸಿದ್ದೇವೆಂಬ ಅಭಿಮಾನವೂ ಅವರಿಗಿತ್ತು. ಅವನ ಕಣ್ಣೀರು ಕಂಡು ಚಹಾ ಕುಡಿಸಿದರು. ಒಳಗೆ ಅಕ್ಕೋರನ್ನು ಕೇಳಿದರೆ ವಿಳಾಸ ಸಿಗುತ್ತದೆಂದು ಹೇಳಿ ಕಳಿಸಿಕೊಟ್ಟರು.

ಒಳಗೆ ಬಂದವರು ಬಾಗಿಲಿನ ಚಿಲಕ ಹಾಕಿದರು; ಜೊತೆಗಿದ್ದ ಇಬ್ಬರು ಅದಕ್ಕೆ ಬೆನ್ನು ಕೊಟ್ಟು ನಿಂತರು. ಗಂಡನ ಕೈಯಲ್ಲಿ ಹಮಾಲರು ಚೀಲ ಎತ್ತುವ ಕಬ್ಬಿಣದ ಕೊಕ್ಕೆ ಇತ್ತು. ನಮ್ಮ ಪಡಸಾಲೆಯಲ್ಲಿದ್ದುದನ್ನೇ ಎತ್ತಿಕೊಂಡಿದ್ದ. ಹೆಂಡತಿಯ ಹೆಸರು ಹೇಳಿ ತೆಗೆಯೆಂದ. ಅಕ್ಕೋರು ತೆಗೆದರು. ಹೆಸರು ಬಂತು, ವಿಳಾಸದ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳ ಸಾಲು ಬಂತು. ಅವನು ಅಕ್ಕೋರ ಕೂದಲು ಹಿಡಿದು ಮುಖವನ್ನು ಮೇಜಿಗೆ ಅಪ್ಪಳಿಸಿದ. ಮೂಗಿನಿಂದ ರಕ್ತ ಕೀಬೋರ್ಡಿನ ಮೇಲೆ ಸುರಿಯಿತು. ಮತ್ತೆ ತೆಗೆಯೆಂದ. ಮತ್ತೆ ಅದೇ ಸಾಲು.

"ನನಗೂ ಕಾಣಂಗಿಲ್ಲೋ. ಹಂಗ ಮಾಡಿಟ್ಟೇನಿ" ಎಂದರು ಅಕ್ಕೋರು.

ಅವನು ಅವರ ಕೈಯನ್ನು ಮೇಜಿಗೆ ಒತ್ತಿ ಹಿಡಿದು ಕೊಕ್ಕೆ ಇಳಿಸಿದ. ಅದು ಹಸ್ತವನ್ನು ದಾಟಿ ಕೆಳಗಿನ ಹಲಗೆಗೆ ನಾಟಿತು. ಕಿತ್ತುಕೊಳ್ಳಲು ಅವನು ಕಾಲೊತ್ತಿ ಎಳೆಯಬೇಕಾಯಿತು. ಆ ಸದ್ದನ್ನು ಬರೆಯಲು ನನಗೆ ಬರುವುದಿಲ್ಲ.

ಅನಂತರ ಅದೇ ಒದ್ದೆ ಕೊಕ್ಕೆಯನ್ನು ನನ್ನ ಕಿವಿಯ ಕೆಳಗೆ ಇಟ್ಟ. ನೆಲಕ್ಕೆ ಕುಸಿದಿದ್ದ ಅಕ್ಕೋರು ಅಲ್ಲಿಂದಲೇ ಹೇಳಿದರು: "ಅಕಿಗೂ ಇಲ್ಲೋ. ತಗಸಿ ನೋಡು ಬೇಕಾರ."

ನಾನು ತೆಗೆದೆ. ನನ್ನ ಪರದೆಯಲ್ಲಿ ಅಕ್ಷರಗಳ ಸಾಲೂ ಬರಲಿಲ್ಲ. 'ಅನುಮತಿ ಇಲ್ಲ' ಎಂದಷ್ಟೇ ಬಂತು. ಅವನು ಅದನ್ನು ಕೂಡಿಸಿ ಕೂಡಿಸಿ ಓದಿದ. ಓದಿ, ಕೊಕ್ಕೆಯನ್ನು ನನ್ನ ಕುತ್ತಿಗೆಯಿಂದ ತೆಗೆದು ಪರದೆಗೆ ಹೊಡೆದ. ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬಯಸುತ್ತೇನೆ: ಆ ಕ್ಷಣದಲ್ಲಿ ವಿಳಾಸ ಗೊತ್ತಿದ್ದಿದ್ದರೆ ನಾನು ಹೇಳಿಬಿಡುತ್ತಿದ್ದೆ. ಅಕ್ಕೋರಿಗೆ ಅದು ಮೊದಲೇ ತಿಳಿದಿತ್ತು.

ಗಾಜು ಒಡೆದ ಸದ್ದಿಗೆ ಹಮಾಲರು ಬಾಗಿಲು ಮುರಿದು ಆ ಇಬ್ಬರನ್ನು ಹಿಡಿದರು. ಅವರ ಹಿಂದೆ ತುಂಬು ಬಿಡಿಸುವ ಹೆಂಗಸರು ನುಗ್ಗಿದರು. ಅವರ ಕೈಗಳೇ ಖಾರ. ಆ ಕೈಗಳಿಂದಲೇ ಗಂಡನ ಕಣ್ಣುಗಳನ್ನು ತಿಕ್ಕಿದರು. ಕೂರುವ ಮಣೆಗಳಿಂದ ಬೆನ್ನು, ಮೊಣಕಾಲು ನೋಡದೆ ಬಡಿದರು. ಅವನು ಕುರುಡನಂತೆ ಗೋಡೆ ತಡಕುತ್ತ ಒದರುತ್ತಿದ್ದ. ಒಬ್ಬಾಕೆ ಬಿದ್ದ ಕೊಕ್ಕೆಯನ್ನೇ ಎತ್ತಿದಾಗ ಅಕ್ಕೋರು ತಡೆದರು. "ಬ್ಯಾಡವಾ. ಅವನ ಹೆಸರಿನ ಮ್ಯಾಲೆ ಕೇಸ್ ಆಗಬೇಕು, ನಿನ್ನ ಹೆಸರಿನ ಮ್ಯಾಲೆ ಅಲ್ಲ" ಎಂದವರು ಅಲ್ಲಿಯೇ ಎಚ್ಚರ ತಪ್ಪಿದರು.

ಆಸ್ಪತ್ರೆಯಲ್ಲಿ ಸಾವಕಾರರು ಹಾಸಿಗೆಯ ಕಾಲ ಬಳಿ ನಿಂತರೇ ವಿನಾ ಕುರ್ಚಿಯ ಮೇಲೆ ಕೂರಲಿಲ್ಲ. "ನಾನ ಚಾ ಕುಡಿಸಿ ಕಳಸಿದೆನವಾ" ಎಂದು ಅದನ್ನೇ ಮತ್ತೆ ಮತ್ತೆ ಹೇಳಿದರು. ಹೊರಡುವ ಮುನ್ನ, ತಮ್ಮ ಹೆಸರಿನ ಪ್ರವೇಶವನ್ನೂ ತೆಗೆದುಬಿಡುವಂತೆ ತಾವಾಗಿಯೇ ಕೇಳಿಕೊಂಡರು. ಅಕ್ಕೋರ ಹೆಸರಿನಲ್ಲಿ ಆ ದಿನ ದಾಖಲಾದ ಹುಡುಕಾಟಗಳನ್ನು ಅಳಿಸೋಣವೆಂದು ನಾನು ಹೇಳಿದಾಗ ಅಕ್ಕೋರು ಒಪ್ಪಲಿಲ್ಲ. "ಹೊಡಸ್ಕೊಂಡು ತಗದಿದ್ರೂ ತಗದಾಕಿ ನಾನ. ಇರಲಿ" ಎಂದರು. ನ್ಯಾಯಾಲಯದಲ್ಲಿ ಅವನು ತಾನು ವಿಳಾಸ ಕೇಳಿಯೇ ಇಲ್ಲವೆಂದಾಗ ಉಪಯೋಗಕ್ಕೆ ಬಂದದ್ದು, ಅವನ ಹೆಂಡತಿಯ ಹೆಸರನ್ನು ಆ ಹೊತ್ತಿನಲ್ಲೇ ಮತ್ತೆ ಮತ್ತೆ ತೆಗೆದದ್ದನ್ನು ತೋರಿಸಿದ ಅವೇ ದಾಖಲೆಗಳು.

ಅಕ್ಕೋರು ಕಳೆದ ಮಳೆಗಾಲದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅವರ ಕುರ್ಚಿಯಲ್ಲಿ ಈಗ ನಾನಿದ್ದೇನೆ. ಅವರ ಪ್ರವೇಶವನ್ನು ಮುಚ್ಚುವುದು ನನ್ನ ಮೊದಲ ಕೆಲಸವಾಯಿತು. ವಿಳಾಸಗಳ ಕೀಲಿ ಇಂದಿಗೂ ಹಾವೇರಿಯಲ್ಲಿದೆ; ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಅಂತ್ಯಸಂಸ್ಕಾರದ ದಿನ ಜನರ ಹಿಂದೆ ಒಬ್ಬಾಕೆ ಸೆರಗನ್ನು ತಲೆಯ ತುಂಬ ಹೊದ್ದು ನಿಂತಿದ್ದಳು. ಗಾಳಿಗೆ ಸೆರಗು ಸರಿದಾಗ ಎಡಗಿವಿಯ ಕೆಳಭಾಗ ಇಲ್ಲದಿರುವುದು ಕಂಡಿತು. ಪಕ್ಕದಲ್ಲಿ ಅವಳಷ್ಟೇ ಎತ್ತರದ ಮಗಳು. ತಾಯಿ ನನ್ನ ಬಳಿ ಬಂದು, "ನೀವು ಅಕ್ಕೋರ ಮಗ್ಗಲಕ ಕುಂದರತಿದ್ದವ್ರಲ್ರೀ?" ಎಂದಳು. ಹೌದೆಂದೆ.

ನಮ್ಮ ಕಡೆ ಸಾವಿನ ಮನೆಗೆ ಬಂದವರನ್ನು ಯಾವ ಊರಿಂದ ಬಂದಿರಿ ಎಂದು ಕೇಳುವುದು ಮರ್ಯಾದೆ. ಆ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಕೇಳದೆ ನೀರು ಕೊಟ್ಟೆ. ಬಸ್ ನಿಲ್ದಾಣದವರೆಗೆ ಕಳಿಸಿಬಂದೆ. ಅವರು ಯಾವ ಬಸ್ಸು ಹತ್ತುತ್ತಾರೆಂದು ನೋಡದೆ, ಬೆನ್ನು ತಿರುಗಿಸಿ ನಡೆದೆ.