ದಬ್ಬಳ ಟೀಚರ್ ಮನೆಗೆ ಕಳಿಸಿದ ಪ್ರಶ್ನೆ

ನಮ್ಮ ಅತ್ತಿಗೆಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ನನಗೂ ಅಷ್ಟೇ. ಆದರೆ ನನ್ನದು ಭಗ್ಗನೆ ಉರಿದು ಆರಿಹೋಗುತ್ತದೆ, ಅವಳದು ಏನಾದರೂ ಕೆಲಸ ಮಾಡಿಸದೆ ಆರುವುದಿಲ್ಲ. ಚಿಕ್ಕಂದಿನಲ್ಲಿ ಚರ್ಚಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಬೆಳೆದವರು ನಾವು. ಆಮೇಲೆ ಅವಳು ನನ್ನ ಅಣ್ಣನನ್ನು ಕಟ್ಟಿಕೊಂಡು ಅತ್ತಿಗೆಯಾದಳು, ಏಕವಚನ ಮಾತ್ರ ಹಾಗೇ ಉಳಿಯಿತು.

ಬಸ್ಸಿನ ಸೀಟು ಹೊಲಿಯುವುದು ಅವಳ ಕಸುಬು. ಹರಿದ ರೆಕ್ಸಿನ್ ಕಿತ್ತು, ಕುಸಿದ ಫೋಮ್ ಬದಲಿಸಿ, ಗೇಣುದ್ದದ ದಬ್ಬಳಕ್ಕೆ ದಪ್ಪ ದಾರ ಪೋಣಿಸಿ ಬಿಗಿಯುತ್ತಾಳೆ. ಭಾನುವಾರ ಚರ್ಚಿನ ಹಿಂದಿನ ಕೋಣೆಯಲ್ಲಿ, ಮುರಿದ ಕುರ್ಚಿಗಳ ನಡುವೆ ಜಾಗ ಮಾಡಿಕೊಂಡು, ಸಂಡೇ ಸ್ಕೂಲ್ ನಡೆಸುತ್ತಾಳೆ. ಚುಚ್ಚಿ ಚುಚ್ಚಿ ಪ್ರಶ್ನೆ ಕೇಳುವವಳು ಅಂತ ಮಕ್ಕಳು ಅವಳಿಗೆ ಇಟ್ಟ ಹೆಸರು ದಬ್ಬಳ ಟೀಚರ್. ಅದು ಅವಳ ಕಿವಿಗೆ ಬಿದ್ದಾಗ, "ಸದ್ಯ, ಗುಂಡುಸೂಜಿ ಅನ್ನಲಿಲ್ವಲ್ಲ!" ಅಂದಳು.

ನಾವು ಸಂಡೇ ಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಬೈಬಲಿನ ವಚನ ಬಾಯಿಪಾಠ ಒಪ್ಪಿಸಿದರೆ ಬಹುಮಾನ ಕೊಡುತ್ತಿದ್ದರು. ಪ್ರತಿ ವರ್ಷ ಅವಳಿಗೇ ಮೊದಲ ಬಹುಮಾನ. ಕೇಳಿದ್ದನ್ನೆಲ್ಲ ಪಟಪಟ ಉದುರಿಸುತ್ತಿದ್ದಳು. ಅವಳ ತಾಯಿ ತೀರಿಕೊಂಡ ದಿನ ಯಾರೋ "ನೀನೇ ಪ್ರಾರ್ಥನೆ ಮಾಡಮ್ಮ, ನಿಂಗೆ ಎಲ್ಲಾ ಬರುತ್ತಲ್ಲ" ಅಂದರು. ಅವಳ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಆ ಮನೆಯಲ್ಲಿ ಯಾರೂ ಒಟ್ಟಿಗೆ ಕೂತು ಪ್ರಾರ್ಥನೆ ಮಾಡಿದ್ದನ್ನು ಅವಳು ಕಂಡಿರಲಿಲ್ಲ. ಕಲಿಸಿದವರ ಮೇಲೆ ಅವಳಿಗೆ ಅವತ್ತು ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಈಗಿನ ಅಪ್ಪ ಅಮ್ಮಂದಿರನ್ನು ನೋಡಿದರಂತೂ ಅವಳಿಗೆ ಮೈ ಉರಿಯುತ್ತದೆ. ಮಕ್ಕಳನ್ನು ಬಾಗಿಲಲ್ಲಿ ಒಳಗೆ ತಳ್ಳಿ, ಕಾಂಪೌಂಡಿನಲ್ಲಿ ಹರಟೆಗೆ ನಿಲ್ಲುತ್ತಾರೆ. "ಇಸ್ತ್ರಿಗೆ ಬಟ್ಟೆ ಕೊಟ್ಟ ಹಾಗೆ ಕೊಟ್ಟು ಹೋಗ್ತಾರೆ ಕಣೇ. ವಾಪಸ್ ತಗೊಳ್ಳೋವಾಗ ಮಡಿಕೆ ನೀಟಾಗಿರಬೇಕು," ಎಂದು ಅತ್ತಿಗೆ ಕುದಿಯುತ್ತಿದ್ದಳು. ಹಾಗೆ ಕುದಿದೇ ಒಂದು ಪದ್ಧತಿ ಶುರು ಮಾಡಿದಳು. ಪಾಠ ಮುಗಿದ ಮೇಲೆ ಒಂದು ಪ್ರಶ್ನೆ ಹೇಳಿಕೊಡುವುದು. ಮಕ್ಕಳು ಮನೆಗೆ ಹೋಗಿ ಅದನ್ನು ದೊಡ್ಡವರಿಗೆ ಕೇಳಿ, ಮುಂದಿನ ವಾರ ಉತ್ತರ ತರಬೇಕು. ಕೆಲವು ಮನೆಗಳಲ್ಲಿ ಊಟದ ಹೊತ್ತಿಗೆ ಟಿವಿ ಆರಿತು. ಒಬ್ಬ ಮೆಕ್ಯಾನಿಕ್ ತನ್ನ ಮಗನ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಅತ್ತಿಗೆಯ ಅಂಗಡಿಗೇ ಬಂದು ತಲೆ ಕೆರೆದುಕೊಂಡು ನಿಂತ. ಅತ್ತಿಗೆಗೆ ಅವತ್ತು ಹಬ್ಬ.

ಆ ವರ್ಷ ಚರ್ಚಿನ ಗೋಡೆಗೆ 'ಮನೆಯೇ ಮೊದಲ ಸಂಡೇ ಸ್ಕೂಲ್' ಎಂದು ದೊಡ್ಡ ಬ್ಯಾನರ್ ಬಿದ್ದಿತ್ತು. ಹಾಕಿಸಿದವರು ನಮ್ಮ ಸಭೆಯ ಹಿರಿಯರೊಬ್ಬರು. ನಾಲ್ಕು ಮಾತು ಹೇಳ್ತೀನಿ ಅಂತ ಎದ್ದರೆ ಅರ್ಧ ಗಂಟೆ ಕೂರುವುದಿಲ್ಲ. ಆದ್ದರಿಂದ ಬೆನ್ನ ಹಿಂದೆ ಅವರು ನಾಲ್ಕುಮಾತಿನ ಹಿರಿಯರು.

ಕ್ಷಮೆಯ ಪಾಠ ಆದ ಭಾನುವಾರ ಅತ್ತಿಗೆ ಕಳಿಸಿದ ಪ್ರಶ್ನೆ ಇದು: "ಈ ವಾರ ನೀವು ಯಾರ ಹತ್ರ ಕ್ಷಮೆ ಕೇಳಿದ್ರಿ?"

ಹಿರಿಯರ ಮನೆಯಲ್ಲಿ ಅವತ್ತು ಪಾಸ್ಟರ್ ದಂಪತಿಗಳಿಗೆ ಊಟ. ಎಲ್ಲರೂ ಮೇಜಿಗೆ ಕೂತಾಗ ಎಂಟು ವರ್ಷದ ಮಗಳು ಅಪ್ಪನನ್ನು ಕೇಳಿದಳು. ಹಿರಿಯರು ನಕ್ಕು, "ಕ್ಷಮೆ ಕೇಳೋ ಅಂಥದ್ದು ನಾನೇನೂ ಮಾಡಿಲ್ಲ ಪುಟ್ಟಾ," ಅಂದರು. ಮಗು ಬಿಡಲಿಲ್ಲ. "ಬೆಳಿಗ್ಗೆ ಅಮ್ಮನ ಮೇಲೆ ತಟ್ಟೆ ಎಸೆದ್ರಲ್ಲ ಅಪ್ಪಾ? ಅಮ್ಮನ ಹತ್ರಾನೂ ಕೇಳಿಲ್ವಾ?"

ಪಾಸ್ಟರಮ್ಮ ಇದನ್ನು ನನಗೆ ಹೇಳುವಾಗ ದನಿ ತಗ್ಗಿಸಿದರು. ತಗ್ಗಿಸುವುದು ಯಾಕೆ? ತಟ್ಟೆ ಎಸೆದವನೇನು ದನಿ ತಗ್ಗಿಸಿದ್ದನೇ?

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಹಿರಿಯರು ಎಲ್ಲರನ್ನೂ ಕೂರಿಸಿ, ನಾಲ್ಕು ಮಾತಿಗೆ ಎದ್ದರು.

"ಸಂಡೇ ಸ್ಕೂಲ್ ಅಂದ್ರೆ ಕಥೆ ಹೇಳಬೇಕು, ಹಾಡು ಕಲಿಸಬೇಕು. ಮನೆ ವಿಷಯಕ್ಕೆ ಕೈ ಹಾಕೋಕೆ ಇವರ್ಯಾರು? ಹೆತ್ತ ಅಪ್ಪನಿಗೇ ಸವಾಲು ಹಾಕೋದು ಕಲಿಸ್ತಾರಾ? ತರಗತಿ ಬೇರೆಯವರಿಗೆ ಕೊಡೋಣ. ಸೀಟು ಹೊಲಿಯೋರು ಸೀಟು ಹೊಲೀಲಿ."

ನನ್ನ ರಕ್ತ ನೆತ್ತಿಗೇರಿತು. ಏಳಹೊರಟವಳನ್ನು ಅತ್ತಿಗೆ ರಟ್ಟೆ ಹಿಡಿದು ಕೂರಿಸಿ ತಾನೇ ಎದ್ದಳು. ಆ ತರಗತಿ ಹೋದರೆ ಮಕ್ಕಳು ಮತ್ತೆ ತನ್ನ ಹಾಗೇ ಆಗುತ್ತಾರೆ, ಬಾಯ್ತುಂಬ ವಚನ ಇಟ್ಟುಕೊಂಡು ಕಷ್ಟದ ಹೊತ್ತಿಗೆ ಮೂಕರಾಗುತ್ತಾರೆ ಅನ್ನುವ ಭಯ ಅವಳಿಗೆ.

"ಮನೇಲಿ ಕಲಿಸಿ ಅಂತ ಬ್ಯಾನರ್ ಹಾಕಿದ್ದು ನೀವು, ಹಿರಿಯರೇ. ನಾನು ಮಕ್ಕಳನ್ನ ಮನೆಗೇ ಕಳಿಸಿದೆ. ಕ್ಷಮೆ ಅಂತ ಬೋರ್ಡ್ ಮೇಲೆ ನಾನು ಬರೀತೀನಿ. ಒಬ್ಬರು ಇನ್ನೊಬ್ಬರ ಹತ್ರ ಅದನ್ನ ಕೇಳೋದನ್ನ ಮಗು ಎಲ್ಲಿ ನೋಡಬೇಕು? ನನ್ನ ಅಂಗಡೀಲಾ?"

ಪಾಸ್ಟರ್ ತುಂಬಾ ಒಳ್ಳೆಯವರು. ಆ ಒಳ್ಳೆಯತನದಿಂದ ಯಾರಿಗೂ ಮೂರು ಕಾಸಿನ ಉಪಯೋಗವಿಲ್ಲ. ತರಗತಿ ಬದಲಾಯಿಸಲು ಒಪ್ಪುವವರು ಕೈ ಎತ್ತಿ ಅಂದರು. ಹಿರಿಯರ ಕಣ್ಣು ಬೆಂಚಿನಿಂದ ಬೆಂಚಿಗೆ ಹೋದ ಹಾಗೆ ಕೈಗಳೂ ಎದ್ದವು. ಆ ಮೆಕ್ಯಾನಿಕನ ಕೈಯೂ ಎದ್ದಿತು. ನಾಚಿಕೆಗೆಟ್ಟವನು! ಅತ್ತಿಗೆ ಧೊಪ್ಪನೆ ಕೂತಳು.

"ಹಾಗಾದ್ರೆ ಮುಂದಿನ ವಾರದಿಂದ ತರಗತಿ ಯಾರು ತಗೋತೀರಾ?" ಎಂದರು ಪಾಸ್ಟರ್.

ಎದ್ದ ಕೈಗಳೆಲ್ಲ ಮಾಯ. ಒಬ್ಬರಿಗೆ ಮಂಡಿ ನೋವು, ಒಬ್ಬರಿಗೆ ಭಾನುವಾರವೂ ಡ್ಯೂಟಿ. ಒಬ್ಬ ಮಹಾಶಯ ಬಗ್ಗಿ ತನ್ನ ಚಪ್ಪಲಿಗೆ ಲೇಸು ಹುಡುಕುತ್ತಿದ್ದ. ಕಲಿಸುವವಳ ಬಾಯಿ ಮುಚ್ಚಿಸಲು ಅಷ್ಟೊಂದು ಜನ, ಕಲಿಸಲು ಒಂದು ನರಪಿಳ್ಳೆಯೂ ಇಲ್ಲ. ಥೂ, ಅನ್ನಿಸಿತು.

ಆಗ ಹೆಂಗಸರ ಸಾಲಿನಲ್ಲಿ ಹಿರಿಯರ ಹೆಂಡತಿ ಎದ್ದು ನಿಂತರು. ಇಷ್ಟು ವರ್ಷದಲ್ಲಿ ಅವರ ದನಿಯನ್ನು ನಾವು ಕೇಳಿದ್ದು ಹಾಡಿನಲ್ಲಿ ಮಾತ್ರ, ಅದೂ ಎಲ್ಲರ ಜೊತೆ.

"ನಾನು ತಗೋತೀನಿ."

"ನೀನು ಕೂತ್ಕೋ," ಎಂದರು ಹಿರಿಯರು.

ಅವರು ಕೂರಲಿಲ್ಲ. "ನಂಗೆ ಜಾಸ್ತಿ ಏನೂ ಬರಲ್ಲ ಪಾಸ್ಟರ್. ಅಕ್ಕ ಹೇಳಿಕೊಟ್ರೆ ಕಲೀತೀನಿ. ಮೊದಲು, ನನ್ನ ಮಗಳು ಇವತ್ತು ತರಬೇಕಾಗಿದ್ದ ಉತ್ತರ ಬಾಕಿ ಇದೆ. ಅವಳಿಗೆ ಕೊಟ್ಟಿಲ್ಲ, ನಾನೇ ಕೊಡ್ತೀನಿ. ಇಲ್ಲ, ಅವರು ಕೇಳಿಲ್ಲ. ಯಾವತ್ತೂ ಕೇಳಿಲ್ಲ."

ಹಿರಿಯರ ಮುಖ ಹುಳ್ಳಗಾಯಿತು. ಹೆಂಡತಿಗೆ ಕೂತ್ಕೋ ಅಂದವರು ತಾವೇ ಕೂತರು.

ಅತ್ತಿಗೆ ನನ್ನನ್ನು ಮೊಣಕೈಯಿಂದ ತಿವಿದು ಆ ಕಡೆ ಸರಿಸಿ, ಪಕ್ಕದಲ್ಲಿ ಜಾಗ ಮಾಡಿದಳು.

"ಬಾಮ್ಮಾ, ಇಲ್ಲಿ ಕೂತ್ಕೋ," ಎಂದಳು. "ಮುಂದಿನ ವಾರದ ಪಾಠ ಕಷ್ಟ ಇದೆ. ಈಗ್ಲೇ ಶುರು ಮಾಡೋಣ."