ಬಾಗೇವಾಡಿಯಲ್ಲಿ ಇಟ್ಟುಹೋದ ಸಾಮಾನು

ಲಾಡ್ಜಿನ ಮ್ಯಾನೇಜರುಗಳನ್ನು ಕಂಡರೆ ನನಗೆ ಇಂದಿಗೂ ಆಗುವುದಿಲ್ಲ. ಬರುವಾಗ ಹಲ್ಲು ಕಿರಿದು ಕೀಲಿ ಕೊಡುವ ಮನುಷ್ಯ, ಹೋಗುವ ಹೊತ್ತಿಗೆ ನಾವು ಅವನ ಕಟ್ಟೆಯ ಮೇಲೆ ಬಂದು ಮಲಗಿದ ನಾಯಿಗಳೇನೋ ಎನ್ನುವಂತೆ ನೋಡುತ್ತಾನೆ. ಬಸವನಬಾಗೇವಾಡಿಯಲ್ಲಿ ನಾವು ಇಳಿದಿದ್ದ ಲಾಡ್ಜಿನವನಂತೂ ನಾವು ಚಹಾ ಕುಡಿಯುವ ಮೊದಲೇ ಬಾಗಿಲು ಬಡಿದ. ಹಿಂದಿನ ದಿನ ನಮ್ಮೂರು ಇಂಡಿಯಿಂದ ಮೊದಲನೇ ಬಸ್ಸಿಗೆ ಬಂದು ಮುಂಜಾನೆಯೇ ಖೋಲಿ ಹಿಡಿದಿದ್ದೆವು. ಇಪ್ಪತ್ನಾಲ್ಕು ತಾಸು ಮುಗಿದವು, ಸಾಮಾನು ತೆಗೆಯಿರಿ ಎಂದ. ಸಂಜೆಯವರೆಗೆ ಅವನ್ನಾದರೂ ಕೌಂಟರಿನ ಹಿಂದೆ ಇಟ್ಟುಕೊಳ್ಳಿ ಎಂದು ಅಪ್ಪ ಕೇಳಿದರೆ, ಏನಾದರೂ ಕಳೆದರೆ ಆಮೇಲೆ ನನ್ನ ಕೊರಳಿಗೆ ಬೀಳುತ್ತೀರಿ ಎಂದು ಒಳಗೆ ಹೋಗಿಬಿಟ್ಟ.

ಆಲಮಟ್ಟಿ ಅಣೆಕಟ್ಟು ಕಟ್ಟಿ ಮುಗಿದ ಹೊಸತು ಅದು. ನಮ್ಮ ಕಡೆಯವರೆಲ್ಲ ಗುಂಪು ಕಟ್ಟಿಕೊಂಡು ಹೋಗಿ ಅದನ್ನು ನೋಡಿ ಬರುತ್ತಿದ್ದರು. ಇಂಡಿಯಲ್ಲಿ ಸಾಲಿ ಮಾಸ್ತರನಾಗಿದ್ದ ಅಪ್ಪ ಆ ವರ್ಷ ರಜೆ ಸಿಕ್ಕಿದ್ದೇ ತಡ, ಅವ್ವನನ್ನೂ ನನ್ನನ್ನೂ ಹೊರಡಿಸಿದ್ದ. ಮೊದಲ ದಿನ ಬಾಗೇವಾಡಿಯ ಗುಡಿ, ಮರುದಿನ ಆಲಮಟ್ಟಿ, ಸಂಜೆಗೆ ಮುದ್ದೇಬಿಹಾಳದಲ್ಲಿ ವಸತಿ, ಅಲ್ಲಿಂದ ಕೂಡಲಸಂಗಮ. ಹುಟ್ಟಿದಾಗಿನಿಂದ ನನ್ನನ್ನು ಇಂಡಿಯ ನಿಂಬೆ ತೋಟಗಳಾಚೆ ಎಲ್ಲಿಗೂ ಕರೆದೊಯ್ಯದ ಮನುಷ್ಯನಿಗೆ ಈಗ ಊರು ತೋರಿಸುವ ಹುಕಿ ಎಲ್ಲಿಂದ ಬಂತು ಎಂದು ನಾನು ಕೇಳಲೇ ಇಲ್ಲ. ಹೋಗುವ ಖುಷಿ, ಅಷ್ಟೇ.

ಅಪ್ಪ ಎಸ್‌ಟಿಡಿ ಬೂತಿನಿಂದ ಮುದ್ದೇಬಿಹಾಳದ ಲಾಡ್ಜಿಗೆ ಫೋನ್ ಹಚ್ಚಿದ. ಅಲ್ಲಿ ಲಗ್ನದವರು ಇಳಿದಿದ್ದಾರೆ, ಅವರು ಬಿಟ್ಟ ಮೇಲೆ ಸಂಜೆಗೇ ಖೋಲಿ ಅಂದರು. ಇಲ್ಲಿಯವನು ಇಟ್ಟುಕೊಳ್ಳುವುದಿಲ್ಲ, ಅಲ್ಲಿಯವನು ಕರೆದುಕೊಳ್ಳುವುದಿಲ್ಲ. ನಡುವೆ ಬೀದಿಯಲ್ಲಿ ನಾವು ಮೂವರು, ನಮ್ಮ ಸುತ್ತ ಸಾಮಾನು. ಅವ್ವನದೂ ನನ್ನದೂ ಬಟ್ಟೆ ತುಂಬಿದ್ದ ಸೂಟಕೇಸು, ಅದರ ಚಿಲಕ ಮುರಿದಿದ್ದಕ್ಕೆ ಸೀರೆಯ ಅಂಚು ಹರಿದು ಬಿಗಿದಿದ್ದೆವು. ಅಪ್ಪನ ಏರ್‌ಬ್ಯಾಗು. ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಇದ್ದ ವೈರಿನ ಬುಟ್ಟಿ. ಇವೆಲ್ಲದರ ಮೇಲೆ ಒಂದು ಚೀಲ ನಿಂಬೆಹಣ್ಣು. ಸಂಗಮದಲ್ಲಿ ಗುರುತಿನವರಿದ್ದಾರೆ, ಅವರಿಗೆ ಎಂದು ಅಪ್ಪ ಅದನ್ನು ಇಂಡಿಯಿಂದ ಹೊರಿಸಿಕೊಂಡು ಬಂದಿದ್ದ. ಇಷ್ಟನ್ನೂ ಹೊತ್ತುಕೊಂಡು ಅಣೆಕಟ್ಟಿನ ಮೆಟ್ಟಿಲು ಹತ್ತುವುದು ಹೇಗೆ ಎಂದು ನಾನು ಸಿಡಿಮಿಡಿ ಮಾಡುತ್ತಿದ್ದಾಗ, ಅಪ್ಪ ಒಂದು ಟಾಂಗಾ ನಿಲ್ಲಿಸಿ ಎಲ್ಲವನ್ನೂ ಅದರೊಳಗೆ ಹಾಕಿ, ನೀವು ಬಸ್ ಸ್ಟ್ಯಾಂಡಿನಲ್ಲಿ ಕೂತಿರಿ ಎಂದು ಹೋದ. ಬಂದಾಗ ಕೈ ಖಾಲಿ.

ಎಲ್ಲಿ ಇಟ್ಟೆ ಎಂದು ಕೇಳಿದೆ. ಸಿಂದಗಿ ಹುಡುಗನ ಮಾವನ ಮನೆಯಲ್ಲಿ ಎಂದ.

ಕೇಳಿ ನನ್ನ ಮೈಯೆಲ್ಲ ಉರಿಯಿತು. ಈ ಸಿಂದಗಿ ಹುಡುಗ ದೀಪಾವಳಿಯ ಹೊತ್ತಿಗೆ ನನ್ನನ್ನು ನೋಡಲು ಬಂದು ಹೋಗಿದ್ದವನು. ಸಿಂದಗಿಯಲ್ಲಿ ಗೊಬ್ಬರದ ಅಂಗಡಿ. ತಂದೆ ಇಲ್ಲದ್ದರಿಂದ ಮಾತುಕತೆಯೆಲ್ಲ ಬಾಗೇವಾಡಿಯ ಸೋದರಮಾವನದೇ. ಆ ಮಾವ ನಮ್ಮ ಪಡಸಾಲೆಯಲ್ಲಿ ಕೂತು, ನಮ್ಮದೇ ಅವಲಕ್ಕಿ ತಿನ್ನುತ್ತ, ಲಗ್ನವಾದ ಮೇಲೆ ಹುಡುಗಿ ನೌಕರಿ ಬಿಡಬೇಕಾಗುತ್ತದೆ, ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳು ದುಡಿದು ಹಾಕುವ ಪದ್ಧತಿ ಇಲ್ಲ ಎಂದಿದ್ದ. ನಾನು ಆಗಷ್ಟೇ ಒಂದು ಖಾಸಗಿ ಸಾಲಿಯಲ್ಲಿ ಕಲಿಸಲು ಸೇರಿದ್ದೆ. ಹುಡುಗ ಮಾವನ ಮಾತು ಮಾತಿಗೂ ಗೋಣು ಹಾಕುತ್ತ ಕೂತಿದ್ದ. ನನ್ನ ಕಡೆ ನೋಡಿದ್ದಕ್ಕಿಂತ ಅವಲಕ್ಕಿಯ ಕಡೆ ನೋಡಿದ್ದೇ ಹೆಚ್ಚು. ಅವರು ಬಾಗಿಲು ದಾಟಿದ ಕೂಡಲೇ ನನಗೆ ಈ ಸಂಬಂಧ ಬೇಡ ಎಂದು ಅಪ್ಪನಿಗೆ ಮುಖದ ಮೇಲೆ ಹೇಳಿದೆ. ಅಪ್ಪ ನೋಡೋಣ ಎಂದ. ಅಪ್ಪನ ಬಾಯಿಂದ ಹೌದು ಅನ್ನುವುದೂ ಬರುವುದಿಲ್ಲ, ಇಲ್ಲ ಅನ್ನುವುದೂ ಬರುವುದಿಲ್ಲ. ಹುಡುಗನ ಕಡೆಯವರಿಗೂ ನೋಡೋಣ, ಮಗಳಿಗೂ ನೋಡೋಣ.

ನಮ್ಮಲ್ಲಿ ಇನ್ನೊಂದು ರೂಢಿ ಇದೆ. ಮಾತು ಮುಗಿಯುವ ತನಕ ಹೆಣ್ಣಿನವರು ಗಂಡಿನ ಕಡೆಯ ಮನೆಯಲ್ಲಿ ನೀರು ಸಹ ಮುಟ್ಟುವುದಿಲ್ಲ. ಮನೆ ನೋಡಲು ಹೋದರೂ ಚಾಪೆಯ ಮೇಲೆ ಕೂತು, ನಾಲ್ಕು ಮಾತಾಡಿ, ಎದ್ದು ಬರಬೇಕು. ನೀರು ಕುಡಿದರೆ, ಕೈಯಲ್ಲಿನ ಚೀಲ ಇಳಿಸಿದರೆ, ಒಪ್ಪಿಕೊಂಡರು ಅಂತಲೇ ಲೆಕ್ಕ. ಆಮೇಲೆ ಬಾಯಿಬಿಟ್ಟು ಯಾರೂ ಕೇಳುವುದಿಲ್ಲ. ಇದು ನಮ್ಮ ಮನೆಯ ಸಣ್ಣ ಹುಡುಗರಿಗೂ ಗೊತ್ತು. ಅವ್ವ ಮೆಲ್ಲಗೆ ಅದನ್ನೇ ಎತ್ತಿದಳು. ಅಪ್ಪ ಸಿಟ್ಟಾದ. ಆ ರೂಢಿ ಮನುಷ್ಯರಿಗೆ, ಸೂಟಕೇಸಿಗಲ್ಲ. ಬರೀ ಸಂಜೆಯ ತನಕ ಅಂತ ಬಿಡಿಸಿ ಹೇಳಿದ್ದೇನೆ. ನೀರು ಕೊಟ್ಟರೂ ಮುಟ್ಟದೆ ಬಂದಿದ್ದೇನೆ ಎಂದ. ಮಾಸ್ತರರು ಬಿಡಿಸಿ ಹೇಳಿದ ಮೇಲೆ ಮುಗಿಯಿತು. ನಾನು ನಂಬಿದೆ.

ನಂಬಿದ್ದಷ್ಟೇ ಅಲ್ಲ, ಆಲಮಟ್ಟಿಯಲ್ಲಿ ಖುಷಿಯಾಗಿ ತಿರುಗಿದೆ. ಅದು ನೆನಪಾದಾಗ ಈಗಲೂ ಹಲ್ಲು ಕಡಿಯುತ್ತೇನೆ. ನೀರು ಕಣ್ಣು ಹಾಯುವಷ್ಟು ದೂರ ನಿಂತಿತ್ತು. ನಮ್ಮ ಕಡೆ ಹುಟ್ಟಿದವರು ಅಷ್ಟು ನೀರನ್ನು ಒಂದೇ ಕಡೆ ನೋಡಿದವರಲ್ಲ. ನಾನು ಕೈ ಬೀಸಿಕೊಂಡು, ಸೆರಗು ಗಾಳಿಗೆ ಬಿಟ್ಟು ನಡೆದೆ. ಅವ್ವ ಕಟಾಂಜನಕ್ಕೆ ಆತು ಬಹಳ ಹೊತ್ತು ನಿಂತಳು. ಕಾವಲಿನವನು ಮುಂದೆ ಹೋಗಬೇಡಿ ಎಂದು ಸೀಟಿ ಊದಿದಾಗ ಅವನ ಜೊತೆ ಜಗಳವಾಡಿದೆ, ಅದೂ ಖುಷಿಗೇ. ನೋಡು, ಸಾಮಾನಿಲ್ಲದಿದ್ದರೆ ಎಷ್ಟು ಆರಾಮ ಎಂದು ಅಪ್ಪ ಮತ್ತೆ ಮತ್ತೆ ಹೇಳಿದ. ನಡುವೆ ಒಂದು ಸಲ ಕಾಯಿನ್ ಬಾಕ್ಸ್ ಇದ್ದ ಅಂಗಡಿಗೆ ಹೋಗಿ ಯಾರಿಗೋ ಫೋನ್ ಮಾಡಿ ಬಂದ. ಮುದ್ದೇಬಿಹಾಳದ ಖೋಲಿಗೆ ಎಂದುಕೊಂಡೆ.

ಹೊತ್ತು ಇಳಿಯುವಾಗ ಬಾಗೇವಾಡಿಗೆ ಹೊಳ್ಳಿ ಬಂದೆವು. ನೀವಿಬ್ಬರೂ ಬಸ್ ಸ್ಟ್ಯಾಂಡಿನಲ್ಲೇ ಇರಿ ಎಂದು ಅಪ್ಪ ಈ ಸಲ ಹೇಳಲಿಲ್ಲ. ಸಾಮಾನು ಬಹಳ, ಒಬ್ಬನಿಂದ ಆಗುವುದಿಲ್ಲ, ಹೊಸ್ತಿಲ ಹೊರಗೇ ನಿಲ್ಲಿರಿ ಸಾಕು ಎಂದ. ಮುಂಜಾನೆ ಒಬ್ಬನೇ ಒಯ್ದ ಸಾಮಾನು ಸಂಜೆಗೆ ಹೇಗೆ ಬಹಳವಾಯಿತು ಎಂದು ನನಗೆ ಹೊಳೆಯಬೇಕಿತ್ತು. ಮನೆಯ ಮುಂದೆ ರಾಶಿ ಚಪ್ಪಲಿ ಬಿದ್ದಿದ್ದವು. ಒಳಗಿನಿಂದ ಹೂರಣದ ವಾಸನೆ. ಹೊಸ್ತಿಲ ಹೊರಗೆ ನಿಲ್ಲುವುದಕ್ಕೆ ಯಾರು ಬಿಟ್ಟರು, ಇಬ್ಬರು ಹೆಂಗಸರು ಬಂದು ನನ್ನ ಎರಡೂ ತೋಳು ಹಿಡಿದು ಒಳಗೆ ಕರೆದುಕೊಂಡೇ ಹೋದರು.

ಪಡಸಾಲೆಯ ತುಂಬ ಜನ. ಎಲ್ಲರ ಕೈಯಲ್ಲೂ ಲೋಟ, ಲೋಟದಲ್ಲಿ ನಾವು ಇಂಡಿಯಿಂದ ಹೊತ್ತು ತಂದ ನಿಂಬೆಹಣ್ಣಿನ ಶರಬತ್ತು. ಸಂಗಮದ ಗುರುತಿನವರು ಇವರೇ ಇರಬೇಕು. ಸಿಂದಗಿಯಿಂದ ಹುಡುಗನನ್ನೂ ಕರೆಸಿದ್ದರು. ಗಂಜಿ ಹಾಕಿದ ಅಂಗಿ ತೊಟ್ಟು ಗೋಡೆಗೆ ಆತು ಕೂತಿದ್ದ. ಚಾಪೆಯ ಮೇಲೆ ಹರಿವಾಣ, ಅದರಲ್ಲಿ ಹಸಿರು ಸೀರೆ, ಕಾಯಿ, ಸಕ್ಕರೆ, ಕುಂಕುಮದ ಬಟ್ಟಲು. ನನ್ನ ಕಣ್ಣು ಸೂಟಕೇಸನ್ನು ಹುಡುಕುತ್ತಿತ್ತು. ಅದು ಒಳಗಿನ ಖೋಲಿಯ ಮೂಲೆಯಲ್ಲಿ, ಕಟ್ಟಿದ್ದ ಅಂಚು ಬಿಚ್ಚಿ, ಬಾಯಿ ತೆರೆದು ಬಿದ್ದಿತ್ತು. ನನ್ನ ಬಟ್ಟೆಗಳನ್ನು ಯಾರೋ ಮೇಲೆ ಕೆಳಗೆ ಮಾಡಿದ್ದರು.

ಮಾವನ ಹೆಂಡತಿ ಏನೂ ಆಗಿಲ್ಲವೆಂಬಂತೆ ಹೇಳಿದಳು. ಸೀರೆಗೆ ಹೊಂದುವ ಜಂಪರ ಹೊಲಿಸಬೇಕಲ್ಲ, ಅಳತೆಗೆ ಒಂದು ಬೇಕಿತ್ತು, ಅದಕ್ಕೆ ನಿನ್ನದೊಂದನ್ನು ತೆಗೆದು ಓಣಿಯ ತುದಿಯ ಸಿಂಪಿಗನಿಗೆ ಕೊಟ್ಟಿದ್ದೇವೆ, ಇನ್ನೇನು ಹೊಲಿದು ಕಳಿಸುತ್ತಾನೆ ಎಂದಳು.

ನಾನು ಸಾಲಿಗೆ ತೊಟ್ಟುಕೊಂಡು ಹೋಗುವ ಹಳದಿ ಜಂಪರ ಅದು. ಗುರುತಿಲ್ಲದ ಕೈಗಳು ನನ್ನ ಒಳಬಟ್ಟೆಗಳ ನಡುವೆ ತಡಕಾಡಿ ಅದನ್ನು ಎತ್ತಿಕೊಂಡಿದ್ದವು. ನನ್ನನ್ನು ಕೇಳದೆ ನನ್ನ ಎದೆಯ ಅಳತೆ, ತೋಳಿನ ಅಳತೆ ಸಿಂಪಿಗನ ಅಂಗಡಿಗೆ ಹೋಗಿತ್ತು. ಆ ಮನೆಯ ಬಗ್ಗೆ, ಅಲ್ಲಿದ್ದ ಒಬ್ಬೊಬ್ಬರ ಬಗ್ಗೆ ನನಗೆ ಅಂದು ಹುಟ್ಟಿದ ಅಸಹ್ಯ ಇಂದಿಗೂ ಎಳ್ಳಷ್ಟೂ ಕಡಿಮೆಯಾಗಿಲ್ಲ, ಕಡಿಮೆಯಾಗಲಿ ಎಂಬ ಆಸೆಯೂ ನನಗಿಲ್ಲ. ಪಡಸಾಲೆಗೆ ಬಂದು, ಅಷ್ಟು ಜನರ ಎದುರಿಗೆ, ನಾವು ಸಾಮಾನು ಇಟ್ಟು ಹೋಗಿದ್ದೆವು, ತೆಗೆದುಕೊಂಡು ಹೋಗಲು ಬಂದಿದ್ದೇವೆ ಎಂದೆ.

ಮಾವನ ತಾಯಿ, ಹಲ್ಲಿಲ್ಲದ ಮುದುಕಿ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಪ್ಪನನ್ನೇ ಕೇಳಿದಳು.

“ಮಾಸ್ತರ್ರ, ಸಾಮಾನು ಇಟ್ಟ ಮ್ಯಾಲ ಇನ್ನೇನ್ ಕೇಳೂದೈತ್ರಿ? ನೀವು ತಿಳಿದವರು. ತಿಳದಽ ಇಟ್ಟೀರಿ ಅಂತ ನಾವು ಮಂದೀನ ಕರಸೇವಿ.”

ಅಪ್ಪ ಮಾತಾಡುತ್ತಾನೆ ಎಂದು ಕಾದೆ. ಬರೀ ಸಾಮಾನು ಅಂದರೆ ಸಾಕಿತ್ತು. ಮಗಳಿಗೆ ಮನಸ್ಸಿಲ್ಲ ಎಂದು ಹೇಳುವ ಧೈರ್ಯವನ್ನು ನಾನು ಆ ಮನುಷ್ಯನಿಂದ ಕೇಳಿರಲಿಲ್ಲ. ಮುಂಜಾನೆ ಬಿಡಿಸಿ ಹೇಳಿದ್ದೇನೆ ಅಂದಿದ್ದನಲ್ಲ, ಅದನ್ನೇ ಇನ್ನೊಮ್ಮೆ ಹೇಳಿದರೆ ಆಗುತ್ತಿತ್ತು.

“ಅಪ್ಪಾ, ನೀ ಹೇಳು.”

ಅಪ್ಪ ಚಾಪೆಯ ಅಂಚನ್ನು ಸರಿಮಾಡುತ್ತ ಕೂತಿದ್ದ. ಅವನ ಮುಂದೆಯೂ ಒಂದು ಲೋಟ ಶರಬತ್ತು ಇತ್ತು, ಅರ್ಧ ಕುಡಿದದ್ದು.

“ಎಲ್ಲಾರೂ ಬಂದಾರ,” ಎಂದ. “ಈಗ ಬ್ಯಾಡ ಅನಬ್ಯಾಡವಾ.”

ಆಗ ನನಗೆ ಎಲ್ಲ ಒಮ್ಮೆಲೇ ತಿಳಿಯಿತು. ಇದು ತಪ್ಪು ತಿಳುವಳಿಕೆಯಲ್ಲ. ಈ ಜನ ನಮ್ಮ ಸಾಮಾನನ್ನು ನೋಡಿ ಏನೋ ಅಂದುಕೊಂಡದ್ದಲ್ಲ. ಅವರು ಏನು ಅಂದುಕೊಳ್ಳುತ್ತಾರೆಂದು ಗೊತ್ತಿದ್ದೇ ಅಪ್ಪ ಅದನ್ನು ಅಲ್ಲಿ ಇಟ್ಟಿದ್ದ. ಬಾಯಿಂದ ಹೌದು ಅನ್ನಲಾರದವನು ಸೂಟಕೇಸಿನಿಂದ ಹೌದು ಅನ್ನಿಸಿದ್ದ. ಗುಡಿ, ಅಣೆಕಟ್ಟು, ಸಂಗಮ ಎಲ್ಲ ನನ್ನನ್ನು ಈ ಚಾಪೆಯ ತನಕ ತರುವುದಕ್ಕೆ. ನನಗೆ ಅಳು ಬರಲಿಲ್ಲ. ಎದುರಿಗೆ ಕೂತ ಮನುಷ್ಯನನ್ನು ಇನ್ನು ಮೇಲೆ ಅಪ್ಪಾ ಎಂದು ಕರೆಯಬಾರದು ಅನ್ನಿಸಿತು.

ಒಳಗೆ ಹೋಗಿ ಸೂಟಕೇಸಿಗೆ ಬಟ್ಟೆ ತುರುಕಿ ಅಂಚು ಬಿಗಿದೆ. ಯಾರೋ ಕೈ ಹಿಡಿದರು, ಕೊಸರಿಕೊಂಡೆ. ಮಾವ ಬಾಗಿಲಿಗೆ ಅಡ್ಡ ನಿಂತು, ಕಲಿತ ಹುಡುಗಿ ಹಿಂಗೆ ಮಾಡಬಾರದು ಎಂದ. ದಾರಿ ಬಿಡಿ ಎಂದೆ. ಬಿಟ್ಟ. ಹುಡುಗ ಗೋಡೆ ಬಿಟ್ಟು ಏಳಲಿಲ್ಲ, ಅವನ ಬಗ್ಗೆ ನನಗೆ ಅಂದು ಕನಿಕರವೂ ಬರಲಿಲ್ಲ.

ಓಣಿಯ ತುದಿಯ ಸಿಂಪಿಗನ ಅಂಗಡಿಯಲ್ಲಿ ನನ್ನ ಜಂಪರ ಮಶಿನ್ನಿನ ಮೇಲೆಯೇ ಇತ್ತು. ಎತ್ತಿಕೊಂಡೆ. ಅವನು ಗಾಬರಿಯಾಗಿ, ನಿಮ್ಮ ಅಳತೆಗೆ ಆಗಲೇ ಬಟ್ಟೆ ಕತ್ತರಿಸಿದ್ದೇನೆ, ಅದನ್ನೀಗ ಯಾರು ಹಾಕಿಕೊಳ್ಳಬೇಕು ಎಂದ. ಯಾರಿಗೆ ಹತ್ತುತ್ತದೋ ಅವರು ಎಂದು ಹೊರಬಿದ್ದೆ. ತಿರುಗಿ ನೋಡಿದರೆ ಅವ್ವ ವೈರಿನ ಬುಟ್ಟಿಯೊಂದನ್ನೇ ಹಿಡಿದುಕೊಂಡು ನಿಂತಿದ್ದಳು.

ನನ್ನನ್ನು ಹೊಳ್ಳಿ ಕರೆದೊಯ್ಯಲು ಅವಳನ್ನು ಕಳಿಸಿದ್ದಾರೆ ಎಂದುಕೊಂಡೆ. ಬಸ್ ಸ್ಟ್ಯಾಂಡಿಗೆ ಬಂದರೆ ಮುದ್ದೇಬಿಹಾಳದ ಬಸ್ಸು ಹೊರಡುವುದರಲ್ಲಿತ್ತು. ಮುದ್ದೇಬಿಹಾಳಕ್ಕೇ ಹೋಗಬೇಕೆಂಬ ಹಟವೇನೂ ನನಗಿರಲಿಲ್ಲ, ಎದುರಿಗೆ ನಿಂತ ಬಸ್ಸು ಅದು. ಹತ್ತಿದೆ. ಅವ್ವನೂ ಹತ್ತಿದಳು. ದಾರಿಯುದ್ದಕ್ಕೂ ನಾನು ಅವಳ ಕಡೆ ನೋಡಲಿಲ್ಲ. ಈಗ ಶುರು ಮಾಡುತ್ತಾಳೆ, ಮನೆತನ, ಮರ್ಯಾದೆ, ನಾಲ್ಕು ಮಂದಿ, ತಂದೆಯ ಮಾತು ಎಂದು ಕಾಯುತ್ತ ಕೂತೆ. ಏನು ಹೇಳಿದರೆ ಏನು ತಿರುಗಿ ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಮುಂಜಾನೆ ಅವಳಿಗೆ ಎಲ್ಲ ಗೊತ್ತಿತ್ತೋ ಇಲ್ಲವೋ ಎಂಬುದೂ ನನಗೆ ಗೊತ್ತಿರಲಿಲ್ಲ, ಕೇಳುವಷ್ಟು ಪ್ರೀತಿಯೂ ಆ ಹೊತ್ತಿಗೆ ಉಳಿದಿರಲಿಲ್ಲ. ಅವ್ವ ಕಿಟಕಿಯ ಆಚೆ ಹೊಲ ನೋಡುತ್ತ ಕೂತಳು.

ಲಾಡ್ಜಿನಲ್ಲಿ ಲಗ್ನದವರು ಆಗತಾನೇ ಹೋಗಿದ್ದರು. ಮೆಟ್ಟಿಲ ಮೇಲೆ ಅಕ್ಕಿಕಾಳು, ಬಾಡಿದ ಹೂವು. ಮ್ಯಾನೇಜರು ಮೊದಲು ನಮ್ಮನ್ನು ನೋಡಿದ, ಆಮೇಲೆ ನಮ್ಮ ಬೆನ್ನ ಹಿಂದೆ ನೋಡಿದ. ನಿಮ್ಮ ಜೋಡಿ ಗಂಡಸರು ಯಾರಿದ್ದಾರೆ ಎಂದ. ಅವನ ಮುಖಕ್ಕೆ ಉಗಿಯುವಷ್ಟು ಸಿಟ್ಟು ಬಂದು ಬಾಯಿ ತೆರೆದೆ. ಅವ್ವ ನನ್ನನ್ನು ಪಕ್ಕಕ್ಕೆ ಸರಿಸಿ ಕೌಂಟರಿನ ಮುಂದೆ ನಿಂತಳು. ಲಗ್ನವಾದಾಗಿನಿಂದ ಅವ್ವ ಅಪ್ಪನ ಹಿಂದೆ ನಿಲ್ಲದೆ ಯಾವ ಕೌಂಟರಿನ ಮುಂದೂ ನಿಂತವಳಲ್ಲ.

“ಮನಿಯವರು ಹಿಂದಿನ ಬಸ್ಸಿಗೆ ಬರ್ತಾರ್ರಿ,” ಎಂದಳು. “ಫೋನ್ ಮಾಡಿ ಹೇಳಿದ್ದ ಖೋಲಿ ನಮ್ಮಿಬ್ಬರಿಗೆ ಕೊಡ್ರಿ. ಅವರಿಗೆ ಬ್ಯಾರೆ ಖೋಲಿ.”

ಬೇರೆ ಖೋಲಿ ಖಾಲಿ ಇಲ್ಲ, ಯಜಮಾನರು ಬಂದು ಏನೆನ್ನುತ್ತಾರೋ ಎಂದು ಮ್ಯಾನೇಜರು ರಾಗ ಎಳೆದ. ಅವ್ವ ಕೀಲಿಗೆ ಕೈ ಚಾಚಿದಳು.

“ಖೋಲಿ ಇಲ್ಲಂದ್ರ ಹೊಳ್ಳಿ ಬಾಗೇವಾಡಿಗೆ ಹೋಗ್ರಿ ಅಂತ ಹೇಳ್ರಿ. ಅವರ ಸಾಮಾನು ಅಲ್ಲೇ ಅದಾವು.”